ಚಲಚ್ಚಿತ್ರದ ಮೋಟಾರುಗಳೂ ಕಿರುಪ್ರತಿಗಳ ಬಣ್ಣವೂ

ಮೂಲವನ್ನು ಹೋಲದಿರುವುದು ಪ್ರತಿಕೃತಿಯೆನಿಸಲಾರದೆಂಬುದು ಎಲ್ಲರೂ ಒಪ್ಪತಕ್ಕ ಮಾತು. ಆದರೆ ಮೂಲವೆಂದರೆ ಯಾವುದೆಂಬ ಪ್ರಶ್ನೆ ಹುಟ್ಟಿದೊಡನೆ ಈ ಒಮ್ಮತವು ಒಡೆದುಹೋಗುತ್ತದೆ. ಚಲಚ್ಚಿತ್ರಗಳಿಂದ ಪ್ರಸಿದ್ಧವಾದ ಮೋಟಾರುಗಾಡಿಗಳನ್ನು ಅಂಗೈಯಗಲಕ್ಕೆ ಇಳಿಸಿ, ಸತುವಿನ ಮಿಶ್ರಲೋಹದಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಎರಕ ಹೊಯ್ದು ಮಾರುವ ಉದ್ಯಮವು ಇಂದು ಲೋಕದಲ್ಲೆಲ್ಲ ಹಬ್ಬಿದೆ. ಇಂಥ ಪೆಟ್ಟಿಗೆಗಳ ಮೇಲೆ ಬಣ್ಣವು ಯಥಾರ್ಥವಾದುದೆಂಬ ಬಿರುದನ್ನು ಅಚ್ಚುಹಾಕುವುದು ವಾಡಿಕೆಯಾಗಿದೆ. ಆ ಬಿರುದಿಗೆ ಆಧಾರವೇನೆಂದು ಕೇಳುವವರು ವಿರಳ. ಕೇಳಿದವರಿಗೆ ದೊರೆಯುವ ಉತ್ತರಗಳು ಎರಡು. ಆಟಿಕೆಯ ವಿಷಯದಲ್ಲಿ ಇಷ್ಟು ಮೀಮಾಂಸೆ ಏತಕ್ಕೆಂಬುದು ಒಂದು. ಮೋಟಾರು ಕಾರ್ಖಾನೆಯ ಬಣ್ಣದ ಸಂಖ್ಯೆಯನ್ನೇ ಅನುಸರಿಸಿದ್ದಾಗಿದೆ, ಇನ್ನೇನು ಬೇಕೆಂಬುದು ಮತ್ತೊಂದು. ಇವೆರಡೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲನೆಯದನ್ನು ಇತಿಹಾಸವೇ ಖಂಡಿಸುತ್ತದೆ. 1964ರಲ್ಲಿ ತೆರೆಗೆ ಬಂದ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಜೇಮ್ಸ್ ಬಾಂಡನು ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಗಾಡಿಯದು 'ಸಿಲ್ವರ್ ಬರ್ಚ್' ಎಂಬ ಬೆಳ್ಳಿಬಣ್ಣ. ಮರುವರ್ಷವೇ ಕಾರ್ಗಿ ಆಟಿಕೆಗಳ ಸಾಲಿನಲ್ಲಿ 261ನೆಯ ಸಂಖ್ಯೆಯಾಗಿ ಅದರ ಕಿರುಪ್ರತಿ ಹೊರಟಿತು. ಮೇಲಕ್ಕೆ ಚಿಮ್ಮುವ ಆಸನ, ಮುಂದಕ್ಕೆ ಚಾಚುವ ಬಂದೂಕುಗಳು, ಹಿಂಬದಿಯಲ್ಲಿ ಏಳುವ ಗುಂಡಿನ ತಡೆ, ಎಲ್ಲವೂ ಅದರಲ್ಲಿದ್ದುವು. ಬಣ್ಣ ಮಾತ್ರ ಚಿನ್ನದ್ದು. ಬೆಳ್ಳಿಬಣ್ಣ ಬಳಿದರೆ ಬಣ್ಣವನ್ನೇ ಕಾಣದ ಬರಿಯ ಎರಕದಂತೆ ತೋರೀತೆಂಬುದು ತಯಾರಕರ ಅಂಜಿಕೆ. ಆ ವರ್ಷದ ಶ್ರೇಷ್ಠ ಆಟಿಕೆಯೆಂಬ ಪ್ರಶಸ್ತಿ ಅದಕ್ಕೆ ಬಂದಿತು. ಲಕ್ಷೋಪಲಕ್ಷ ಮನೆಗಳನ್ನು ಅದು ಹೊಕ್ಕಿತು. 1968ರಲ್ಲಿ 270ನೆಯ ಸಂಖ್ಯೆಯ ಬೆಳ್ಳಿಬಣ್ಣದ ಪ್ರತಿ ಬರುವವರೆಗೂ ಮಕ್ಕಳ ಕೈಯಲ್ಲಿ ಓಡಿದ್ದು ಚಿನ್ನದ ಗಾಡಿಯೇ. ಚಿತ್ರಮಂದಿರದಲ್ಲಿ ಒಮ್ಮೆ ಕಂಡದ್ದನ್ನು ಮನೆಯಲ್ಲಿ ದಿನವೂ ಕಾಣುವುದು ಅಳಿಸಿಬಿಡುವುದು ಸಹಜವಷ್ಟೆ!

ಇನ್ನು ಮೂಲದ ಗತಿಯೇನಾಯಿತು? ಆ ಚಿತ್ರದಲ್ಲಿ ಯಂತ್ರೋಪಾಯಗಳನ್ನು ಹೊತ್ತಿದ್ದ ಮುಖ್ಯ ಗಾಡಿಯು 1997ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ವಿಮಾನಾಗಾರವೊಂದರಿಂದ ಕಳವಾಯಿತು. ಚಿತ್ರಗಳಿಗಾಗಿ ಸಿದ್ಧಪಡಿಸಿದ ಗಾಡಿಗಳ ಪಾಡು ಅನೇಕವೇಳೆ ಇಂಥದೇ: ಕೆಲವು ಚಿತ್ರೀಕರಣದಲ್ಲಿಯೇ ನುಗ್ಗಾಗುತ್ತವೆ, ಕೆಲವು ರೂಪಾಂತರ ಹೊಂದುತ್ತವೆ, ಕೆಲವು ಕಣ್ಮರೆಯಾಗುತ್ತವೆ. ಮೂಲವು ಮರೆಯಾದಮೇಲೆ ಜನರ ಮನೆಗಳಲ್ಲಿ ಉಳಿಯುವುದು ಪ್ರತಿಕೃತಿ. ಅದೇ ಕಾಲಕ್ರಮದಲ್ಲಿ ಸಾಕ್ಷಿಯ ಪದವಿಗೆ ಏರುತ್ತದೆ. ಸಾಕ್ಷಿಯ ಸ್ಥಾನದಲ್ಲಿ ನಿಲ್ಲುವ ವಸ್ತುವು ಸುಳ್ಳಾಡಕೂಡದು. ಆಟಿಕೆಯೆಂದು ನಗುವವರು, ಅದೇ ವಸ್ತುವಿಗೆ ಪ್ರೌಢರಿಂದ ಪ್ರೌಢಬೆಲೆಯನ್ನು ತೆಗೆದುಕೊಳ್ಳುವಾಗ ನಗುವುದಿಲ್ಲವೆಂಬುದನ್ನೂ ನೆನೆಯಬೇಕು.

ಎರಡನೆಯ ಉತ್ತರವು ಹೊರನೋಟಕ್ಕೆ ಗಟ್ಟಿಯಾದುದು. ಕಾರ್ಖಾನೆಯ ದಾಖಲೆಗಿಂತ ದೊಡ್ಡ ಪ್ರಮಾಣವುಂಟೇ ಎಂದು ಈ ಪಕ್ಷದವರು ಕೇಳುತ್ತಾರೆ. ಆದರೆ ಮೇಲೆ ಹೇಳಿದ ಆ ಗಾಡಿಗೇ ಮೊದಲಿದ್ದ ಬಣ್ಣವು ಕಡುಗೆಂಪು. ಬೆಳ್ಳಿಬಣ್ಣವನ್ನು ಚಿತ್ರಕ್ಕಾಗಿ ಆಮೇಲೆ ಬಳಿಯಲಾಯಿತು. ಮೊದಲ ದಾಖಲೆಯನ್ನೇ ನಂಬಿದವನು ಕೆಂಪು ಬಾಂಡನ ಗಾಡಿಯನ್ನು ಮಾಡಿ ಕೂಡಿಸಬೇಕಾದೀತು. ಬ್ಯಾಟ್‌ಮನ್ನನ ಗಾಡಿಯ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. 1955ರಲ್ಲಿ ಇಟಲಿಯ ಟ್ಯೂರಿನ್ನಿನ ಘಿಯಾ ಕಾರ್ಯಾಗಾರದಲ್ಲಿ 'ಲಿಂಕನ್ ಫ್ಯೂಚುರಾ' ಎಂಬ ಹೆಸರಿನಿಂದ ಹುಟ್ಟಿದಾಗ ಅದಕ್ಕೆ ಮುತ್ತಿನ ಬಿಳುಪಿತ್ತು. 1959ರ ಒಂದು ಚಿತ್ರಕ್ಕಾಗಿ ಅದು ಕೆಂಪಾಯಿತು. ಜಾರ್ಜ್ ಬ್ಯಾರಿಸನ ಕೈಗೆ ಬಂದು 1966ರಲ್ಲಿ ಹೊಳೆಯುವ ಕರಿಮೈಯನ್ನೂ ಕೆಂಪು ಅಂಚುಗೆರೆಗಳನ್ನೂ ಪಡೆಯಿತು. ಒಂದೇ ದೇಹಕ್ಕೆ ಮೂರು ತೊಗಲು! ಯಾವ ತೊಗಲು ಯಥಾರ್ಥವಾದುದು? ಯಾವ ಚಿತ್ರದ, ಯಾವ ಗಳಿಗೆಯ ಗಾಡಿಯೆಂದು ಹೇಳದ ಹೊರತು ಈ ಪ್ರಶ್ನೆಗೆ ಅರ್ಥವೇ ಇಲ್ಲ.

ಹೆಸರನ್ನು ನಂಬುವುದೂ ಅಪಾಯಕರ. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನನು ಓಡಿಸಿದ ಮಸ್ಟಾಂಗ್ ಗಾಡಿಯ ಹಸುರಿಗೆ 'ಹೈಲೆಂಡ್ ಗ್ರೀನ್' ಎಂದು ಹೆಸರು. ಫೋರ್ಡ್ ಕಂಪೆನಿಯು ಆ ಚಿತ್ರದ ನೆನಪಿಗಾಗಿ 2001ರಲ್ಲಿ ಹೊರಡಿಸಿದ ಗಾಡಿಯ ಹಸುರು 'ಡಾರ್ಕ್ ಹೈಲೆಂಡ್ ಗ್ರೀನ್'. ಹೆಸರು ಸೋದರರದಾದರೂ ಬಣ್ಣ ಒಂದೇ ಅಲ್ಲ. ಹೊಸ ಡಬ್ಬಿಯ ಬಣ್ಣವನ್ನು ಹಳೆಯ ಗಾಡಿಗೆ ಬಳಿದವನು ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದಂತಾಗುತ್ತದೆ. ಹಾಗಾದರೆ ಉಳಿದಿರುವ ಮೂಲಗಾಡಿಯನ್ನೇ ನೋಡಿ ಬಳಿಯಬಹುದಲ್ಲವೇ? 2020ರ ಜನವರಿಯಲ್ಲಿ 37.4 ಲಕ್ಷ ಡಾಲರುಗಳಿಗೆ ಹರಾಜಾದ ಆ ಗಾಡಿಯು ಜೀರ್ಣೋದ್ಧಾರವಿಲ್ಲದೆ ಹಾಗೆಯೇ ಉಳಿದುಬಂದುದು. ಐವತ್ತು ವರ್ಷಗಳ ಬಿಸಿಲು, ತೇವ, ತುಕ್ಕುಗಳನ್ನುಂಡ ಅದರ ಮೈಯು 1968ರ ಬಣ್ಣಕ್ಕೆ ದೂರದ ಸಾಕ್ಷಿಯೇ ಹೊರತು ಆ ಬಣ್ಣವೇ ಅಲ್ಲ.

ಸಂಖ್ಯೆ ಸರಿಯಾಗಿದೆ, ಹೆಸರು ಸರಿಯಾಗಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಕಾರ್ಖಾನೆಯ ಬಣ್ಣವು ಕಿರುಪ್ರತಿಗೆ ಒಗ್ಗುವುದಿಲ್ಲ. ಇದು ರುಚಿಭೇದದ ಮಾತಲ್ಲ, ಲೆಕ್ಕದ ಮಾತು. ಲೋಹದ ಹೊಳಪಿರುವ ಬಣ್ಣಗಳಲ್ಲಿ ಅಲ್ಯೂಮಿನಿಯಮ್ಮಿನ ಸೂಕ್ಷ್ಮ ಹಳಕುಗಳು ಬೆರೆತಿರುತ್ತವೆ. 30 ಮೈಕ್ರಾನ್ ಅಗಲದ ಒಂದು ಹಳಕನ್ನು ಹದಿನೆಂಟರಲ್ಲೊಂದು ಪ್ರಮಾಣದ ಕಿರುಪ್ರತಿಯ ಮೇಲಿಟ್ಟರೆ, ಅದು ನಿಜವಾದ ಗಾಡಿಯ ಮೇಲೆ ಅರ್ಧ ಮಿಲಿಮೀಟರಿಗೂ ಮಿಕ್ಕ ಹಳಕಿಗೆ ಸಮನಾಗುತ್ತದೆ. ನಲವತ್ತಮೂರರಲ್ಲೊಂದು ಪ್ರಮಾಣದಲ್ಲಿಯಾದರೆ 1.3 ಮಿಲಿಮೀಟರು. ಆಗ ಕಾಣುವುದು ಬೆಳ್ಳಿಬಣ್ಣವಲ್ಲ, ಅಭ್ರಕದ ಪುಡಿಯನ್ನು ಎರಚಿದ ಮೈ. ಲೇಪದ ದಪ್ಪವೂ ಹಾಗೆಯೇ. ಮೋಟಾರಿನ ಮೇಲೆ ಎಲ್ಲ ಪದರಗಳೂ ಸೇರಿ ಸುಮಾರು 0.1 ಮಿಲಿಮೀಟರು ದಪ್ಪವಾಗುವ ಲೇಪವನ್ನು ನಲವತ್ತಮೂರರಲ್ಲೊಂದು ಪ್ರಮಾಣದ ಪ್ರತಿಯ ಮೇಲೆ ಹೇರಿದರೆ ಅದು ನಾಲ್ಕು ಮಿಲಿಮೀಟರಿಗೂ ಮೀರಿದ ಗಿಲಾವಿಗೆ ಸಮ. ಬಾಗಿಲಿನ ಸಂದುಗಳು ಹೂತುಹೋಗಿ, ಅಂಚುಗಳೆಲ್ಲ ಮೊಂಡಾಗುತ್ತವೆ. ಒಂದೇ ಬಣ್ಣವು ವಿಶಾಲವಾದ ಮೈಯ ಮೇಲೆ ತಿಳಿಯಾಗಿಯೂ ಸಣ್ಣ ತುಂಡಿನಲ್ಲಿ ಮಂಕಾಗಿಯೂ ತೋರುವುದು ಕಣ್ಣಿನ ಧರ್ಮ. ಆದುದರಿಂದ ಬಣ್ಣವನ್ನು ಕೊಂಚ ತಿಳಿಗೊಳಿಸಿ, ಹಳಕನ್ನು ನುಣ್ಣಗೆ ಆರಿಸಿ, ಹೊಳಪನ್ನು ತಗ್ಗಿಸಿ ಬಳಿಯುವ ಕುಶಲನೇ ಮೂಲಕ್ಕೆ ಹತ್ತಿರನಾಗಿರುತ್ತಾನೆ. ಡಬ್ಬಿಯ ಬಣ್ಣವನ್ನು ಹಾಗೆಯೇ ಸುರಿಯುವವನು ಅಕ್ಷರವನ್ನುಳಿಸಿ ಅರ್ಥವನ್ನು ಕೊಲ್ಲುತ್ತಾನೆ.

ಬಣ್ಣವೇ ಇಲ್ಲದ ಗಾಡಿಯ ಬಣ್ಣದಲ್ಲಿ ಈ ದೋಷವು ಪರಾಕಾಷ್ಠೆಯನ್ನು ಮುಟ್ಟುತ್ತದೆ. 1985ರ 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರದ ಕಾಲಯಾನಕ್ಕೆ ಬಳಸಿದ ಡಿಲೋರಿಯನ್ ಗಾಡಿಯು ಉತ್ತರ ಐರ್ಲೆಂಡಿನ ಡನ್‌ಮರಿಯಲ್ಲಿ ತಯಾರಾದುದು; ಅದರ ಹೊರಮೈ ಬಣ್ಣ ಕಾಣದ, ಗೀರಿ ಒರಸಿದ, ತುಕ್ಕುಹಿಡಿಯದ ಉಕ್ಕು. ಆ ಉಕ್ಕಿನ ಪ್ರಸ್ತಾಪವು ಕಥೆಯೊಳಗೇ ಬರುತ್ತದೆ. ಹೀಗಿರಲು, ಅದರ ಕಿರುಪ್ರತಿಗಳಿಗೆ ಬೆಳ್ಳಿಯ ಬಣ್ಣವನ್ನು ಬಳಿದು ಮೇಲೆ ವಾರ್ನಿಷು ಹೊಳೆಯಿಸಿ ಮಾರುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ. ಉಕ್ಕಿನ ಕಳೆಯು ಬಣ್ಣದಲ್ಲಿಲ್ಲ, ಒಂದೇ ದಿಕ್ಕಿಗೆ ಓಡುವ ಸೂಕ್ಷ್ಮರೇಖೆಗಳಲ್ಲಿದೆ. ಬೆಳಕು ಅವುಗಳ ಮೇಲೆ ಉದ್ದಕ್ಕೆ ಜಾರುತ್ತದೆ. ಲೋಹದ ಹುಡಿಯನ್ನು ತೆಳುವಾಗಿ ಹಿಡಿಸಿ, ಅತಿ ನುಣುಪಾದ ಉಜ್ಜುಕಾಗದದಿಂದ ಒಂದೇ ದಿಕ್ಕಿಗೆ ತಿಕ್ಕಿ, ವಾರ್ನಿಷನ್ನು ಮುಟ್ಟದೆ ಬಿಡುವ ತಾಳ್ಮೆ ಇಲ್ಲಿ ಬೇಕು. ಆ ತಾಳ್ಮೆಗೆ ಕೂಲಿ ಹೆಚ್ಚು; ವಾರ್ನಿಷಿಗೆ ಕಡಿಮೆ. ತಯಾರಕರ ಯಥಾರ್ಥವು ಇಲ್ಲಿ ಜಮಾಖರ್ಚಿನ ಯಥಾರ್ಥವಾಗಿದೆ.

ಇಲ್ಲಿ ಪ್ರತಿವಾದಿಗಳು ಒಂದು ಬಲವಾದ ಆಕ್ಷೇಪವನ್ನು ತರಬಹುದು. ತೆರೆಯ ಮೇಲೆ ಕಂಡ ಬಣ್ಣವೇ ಮೂಲವೆನ್ನುವುದಾದರೆ, ತೆರೆಯೂ ಸ್ಥಿರವಲ್ಲವಷ್ಟೆ? ಅದು ನಿಜ. ಹಿಂದಿನ ಈಸ್ಟ್‌ಮನ್ ಬಣ್ಣದ ಪ್ರತಿಗಳಲ್ಲಿ ನೀಲಿಹಸುರು ವರ್ಣದ್ರವ್ಯವು ಬೇಗನೆ ಮಾಸಿ ಇಡೀ ಚಿತ್ರವೇ ಕೆಂಪಡರುವುದುಂಟು; ಒಂದೇ ಚಿತ್ರವನ್ನು ಮತ್ತೆ ಮತ್ತೆ ಹೊರತರುವಾಗ ಅದರ ಬಣ್ಣಗಳನ್ನು ಹೊಸದಾಗಿ ಹದಗೊಳಿಸುವುದೂ ಉಂಟು. ಆದರೆ ಇದರಿಂದ ಸತ್ಯವೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಸತ್ಯಕ್ಕೆ ಶ್ರಮ ಬೇಕೆಂದು ಮಾತ್ರ ಸಿದ್ಧವಾಗುತ್ತದೆ. ಪ್ರಾಚೀನಕಾವ್ಯವೊಂದರ ಓಲೆಯ ಪ್ರತಿಗಳು ಒಂದರಂತೊಂದು ಇಲ್ಲವೆಂದು ಗ್ರಂಥಸಂಪಾದಕನು ಮನಬಂದ ಪಾಠವನ್ನು ಬರೆದುಕೊಳ್ಳುತ್ತಾನೆಯೇ? ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಹೋಲಿಸಿ, ಯೋಗ್ಯವಾದ ಪಾಠವನ್ನು ಮೇಲಿಟ್ಟು, ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸುತ್ತಾನೆ. ಕಿರುಪ್ರತಿಯ ಕರ್ತನೂ ಕಾರ್ಖಾನೆಯ ದಾಖಲೆ, ಚಿತ್ರೀಕರಣದ ಕಾಲದ ಛಾಯಾಚಿತ್ರಗಳು, ಉಳಿದ ಗಾಡಿ, ಚಿತ್ರದ ಬೇರೆಬೇರೆ ಪ್ರತಿಗಳು, ಇವೆಲ್ಲವನ್ನೂ ತೂಗಿ ನೋಡಿ ನಿರ್ಣಯಿಸಬೇಕಾದವನು. ನಿರ್ಣಯವು ತಪ್ಪಾದರೂ ಆದೀತು. ಆಧಾರವನ್ನು ತೋರಿಸಿದ ತಪ್ಪನ್ನು ಮುಂದಿನವನು ತಿದ್ದಬಲ್ಲನು, ಬಿರುದಿನ ಹಿಂದೆ ಅಡಗಿದ ತಪ್ಪನ್ನು ಯಾರೂ ತಿದ್ದಲಾರರು.

ಭಾರತೀಯ ಚಿತ್ರಶಾಸ್ತ್ರಕ್ಕೆ ಈ ವಿವೇಕವು ಹೊಸದಲ್ಲ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಚಿತ್ರಕ್ಕೆ ಹೇಳಿದ ಆರು ಅಂಗಗಳಲ್ಲಿ ಪ್ರಮಾಣ, ಸಾದೃಶ್ಯ, ವರ್ಣಿಕಾಭಂಗಗಳು ಬೇರೆಬೇರೆಯಾಗಿಯೇ ಎಣಿಕೆಗೊಂಡಿವೆ. ವರ್ಣವು ಒದಗಿದ ಮಾತ್ರಕ್ಕೆ ಸಾದೃಶ್ಯವು ಒದಗಿದಂತಾಗಲಿಲ್ಲ; ಪ್ರಮಾಣವು ಬದಲಾದಲ್ಲಿ ವರ್ಣವನ್ನೂ ಅದಕ್ಕೆ ತಕ್ಕಂತೆ ಹದಗೊಳಿಸಬೇಕಾಗುತ್ತದೆ. ಡಬ್ಬಿಯ ಸಂಖ್ಯೆಯನ್ನು ಮಂತ್ರದಂತೆ ಜಪಿಸುವವರು ಈ ಮೂರನ್ನೂ ಒಂದೆಂದು ಬಗೆದಿದ್ದಾರೆ.

ಆದುದರಿಂದ ತಯಾರಕರು ಮಾಡಬೇಕಾದುದು ಸ್ಪಷ್ಟವಾಗಿದೆ. ಯಥಾರ್ಥವೆಂಬ ಬರಿಯ ಬಿರುದನ್ನು ಕೈಬಿಟ್ಟು, ಇದು ಯಾವ ಚಿತ್ರದ ಯಾವ ಸಂದರ್ಭದ ಗಾಡಿ, ಬಣ್ಣಕ್ಕೆ ಆಧಾರ ಯಾವುದು, ಪ್ರಮಾಣಕ್ಕಾಗಿ ಅದನ್ನು ಎಷ್ಟರಮಟ್ಟಿಗೆ ತಿಳಿಗೊಳಿಸಿದೆ, ಎಂಬ ಮೂರು ಸಾಲುಗಳನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಲಿ. ಬಣ್ಣವನ್ನು ಬೇಕೆಂದೇ ಬದಲಿಸಿದ್ದರೆ ಅದನ್ನೂ ಹೇಳಲಿ. ಚಿನ್ನದ ಗಾಡಿಯೂ ತನ್ನನ್ನು ಚಿನ್ನದ ಆಟಿಕೆಯೆಂದು ಕರೆದುಕೊಂಡರೆ ಅದರಲ್ಲಿ ಮೋಸವೇನೂ ಇಲ್ಲ. ಕೊಳ್ಳುವವರ ಕರ್ತವ್ಯವೂ ಕಡಿಮೆಯದಲ್ಲ. ಬಾಗಿಲು ತೆರೆಯುವುದೇ, ಗಾಲಿ ತಿರುಗುವುದೇ ಎಂದು ಪರೀಕ್ಷಿಸುವ ಗೃಹಸ್ಥರು, ಪ್ರತಿಯನ್ನು ಕಿಟಕಿಯ ಹಗಲ ಬೆಳಕಿಗೆ ಹಿಡಿದು ಅದರ ಮೈಯನ್ನೂ ಒಮ್ಮೆ ಪರೀಕ್ಷಿಸಲಿ, ಆಧಾರವನ್ನು ಕೇಳಲಿ. ಕೇಳುವವರಿಲ್ಲದ ಅಂಗಡಿಯಲ್ಲಿ ತೂಕವು ಎಂದಿಗೂ ಸರಿಹೋಗದು.