ಆಕಸ್ಮಿಕವೆಂಬ ಸೋಮಾರಿ ಉತ್ತರ

ಹೃದಯದ ಕವಾಟ ಬದಲಿಸಿಕೊಂಡ ಎಷ್ಟೋ ಮಂದಿ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ನುಂಗುವ ವಾರ್ಫರಿನ್ ಮಾತ್ರೆ ಮೊದಲು ಇಲಿ ಪಾಷಾಣವಾಗಿತ್ತು, ಅದು ಸಿಕ್ಕಿದ್ದೂ ಆಕಸ್ಮಿಕ ಎಂದು ಆರೋಗ್ಯದ ಬರಹಗಳು ಚಪ್ಪರಿಸಿಕೊಂಡು ಹೇಳುತ್ತವೆ. ಪಾಷಾಣದ ಗಾಬರಿಗೆ ಉತ್ತರ ಸುಲಭ: ಪ್ರಮಾಣ ಮೀರಿದರೆ ಉಪ್ಪೂ ವಿಷವೇ. ಆಕಸ್ಮಿಕವೆನ್ನುವ ಮಾತು ಮಾತ್ರ ಅಷ್ಟು ಸಾಧುವಲ್ಲ. ರಕ್ತದ ಹೆಪ್ಪಿನೊಡನೆ ವೈದ್ಯಶಾಸ್ತ್ರ ನಡೆಸಿದ ಹೋರಾಟದಲ್ಲಿ ಅದೃಷ್ಟಕ್ಕೆ ಸಂದ ಕೀರ್ತಿಯ ಬಹುಪಾಲು ಹೆಸರಿಲ್ಲದ ದುಡಿಮೆಯಿಂದ ಕಸಿದದ್ದು.

ಕಥೆಯೇನೋ ಸಿನಿಮಾದಂತಿದೆ. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಬಂದ. ಶನಿವಾರವಾದ್ದರಿಂದ ಪಶುವೈದ್ಯರ ಕಚೇರಿ ಮುಚ್ಚಿತ್ತು; ಅವನು ಹೊಕ್ಕಿದ್ದು ಜೀವರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಇದ್ದ ಕಟ್ಟಡವನ್ನು. ಇಲ್ಲಿಂದ ಕಥೆ ಶುರುಮಾಡುವವರು ಅದರ ಹಿಂದಿನ ಹತ್ತು ವರ್ಷಗಳನ್ನು ನುಂಗಿಬಿಡುತ್ತಾರೆ. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿವೆಯೆಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ 1920ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದ; ಒಳ್ಳೆಯ ಮೇವನ್ನೂ ಕೆಟ್ಟದ್ದನ್ನೂ ಬೇರೆ ಬೇರೆ ಮೊಲಗಳಿಗೆ ತಿನ್ನಿಸಿ ಪರೀಕ್ಷಿಸಿದ್ದ. ಆ ದನಗಳ ರಕ್ತದಲ್ಲಿ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ಪ್ರೋಟೀನಿನ ಕೊರತೆಯಿದೆಯೆಂದು ನಾರ್ತ್ ಡಕೋಟದ ಲೀ ರೋಡರಿಕ್ ತೋರಿಸಿದ್ದ. ಲಿಂಕ್ ಕೂಡ ರೈತ ಬರುವ ಮೊದಲೇ ಆ ಗಿಡದ ತಳಿ ಸುಧಾರಣೆಯ ಚರ್ಚೆಯಲ್ಲಿ ತೊಡಗಿದ್ದ. ಕಾರ್ಲ್‌ಸನ್ ತಂದದ್ದು ತುರ್ತನ್ನು. ಪ್ರಶ್ನೆ ಆಗಲೇ ಅಲ್ಲಿತ್ತು. ಅನಂತರದ ಆರು ವರ್ಷ ಲಿಂಕ್‌ನ ಸಹಾಯಕರು ಮೇವಿನ ಸಾರವನ್ನು ಸೋಸಿ, ಪ್ರತಿ ಸಲವೂ ಮೊಲದ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ಅಳೆಯುತ್ತ ಕುಳಿತರು. 1939ರಲ್ಲಿ ಅವರಲ್ಲೊಬ್ಬನಾದ ಹೆರಾಲ್ಡ್ ಕ್ಯಾಂಪ್‌ಬೆಲ್ ಕೈಗೆ ಆ ತಡಕ್ಕೆ ಕಾರಣವಾದ ವಸ್ತು ಡೈಕುಮರಾಲ್‌ನ ಶುದ್ಧ ಹರಳು ಬಂತು. ಅದೇ ಬಳಗದ ವಾರ್ಫರಿನ್ 1948ರಲ್ಲಿ ಇಲಿಗಳಿಗೆ, 1954ರಲ್ಲಿ ಮನುಷ್ಯರಿಗೆ ಬಳಕೆಯಾಯಿತು. ಆರು ವರ್ಷ ಸೋಸುವುದನ್ನು ಯಾವ ಸಿನಿಮಾವೂ ತೋರಿಸದು.

ಹೆಪ್ಪು ತಡೆಯುವ ಇನ್ನೊಂದು ಔಷಧಿ ಹೆಪಾರಿನ್‌ನ ಉದಾಹರಣೆ ಎತ್ತುವವರನ್ನು ಹಾಗೆ ತಳ್ಳಿಹಾಕಲಾಗದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್‌ಲೀನ್ ಎಂಬ ವಿದ್ಯಾರ್ಥಿ ಹುಡುಕುತ್ತಿದ್ದದ್ದು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು. 1916ರಲ್ಲಿ ಯಕೃತ್ತಿನ ಸಾರದಲ್ಲಿ ಅವನಿಗೆ ಸಿಕ್ಕಿದ್ದು ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಇದು ಅಪ್ಪಟ ಆಕಸ್ಮಿಕ, ಒಪ್ಪಬೇಕು. ಆದರೆ ಆ ಅದೃಷ್ಟದಿಂದ ಕೂಡಲೇ ಯಾವ ರೋಗಿಯೂ ಬದುಕಲಿಲ್ಲ. ಟೊರಾಂಟೊದ ಕನಾಟ್ ಪ್ರಯೋಗಾಲಯವೂ ಸ್ವೀಡನ್ನಿನ ರಸಾಯನಜ್ಞರೂ ಅದನ್ನು ಶುದ್ಧಗೊಳಿಸಿ ರೋಗಿಗೆ ಕೊಡಬಹುದಾದ ಮಟ್ಟಕ್ಕೆ ತರುವ ಹೊತ್ತಿಗೆ 1930ರ ದಶಕದ ನಡುಭಾಗ ಬಂದಿತ್ತು. ಸಿಕ್ಕದ್ದು ಔಷಧಿಯಾಗಲು ಸುಮಾರು ಇಪ್ಪತ್ತು ವರ್ಷ ಹಿಡಿದರೆ, ಸಿಕ್ಕ ಆ ಒಂದು ದಿನಕ್ಕೇ ಹಾರ ಹಾಕುವುದು ಯಾವ ನ್ಯಾಯ?

ದುಡಿಮೆಗೆ ಮನ್ನಣೆ ಕೊಡದ ಈ ಜಿಪುಣತನದ ಬೆಲೆ ತೆರುವವರು ರೋಗಿಗಳು. ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್‌ನ ಸುಳಿವನ್ನು ವಿಜ್ಞಾನಿ ವಿಲಿಯಂ ಟಿಲೆಟ್ 1933ರಲ್ಲೇ ಪ್ರಕಟಿಸಿದ್ದ. ಹೃದಯಾಘಾತಕ್ಕೆ ಅದನ್ನು ಸಿರೆಯ ಮೂಲಕ ಕೊಟ್ಟು 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು. ಹೆಚ್ಚಿನವು ಚಿಕ್ಕವು, ಒಂದು ಹೌದೆಂದರೆ ಇನ್ನೊಂದು ಇಲ್ಲವೆನ್ನುತ್ತಿತ್ತು. ಇಟಲಿಯ 11,806 ರೋಗಿಗಳ ಜಿಸ್ಸಿ ಪ್ರಯೋಗ 1986ರಲ್ಲಿ ಬಂದ ಮೇಲೆಯೇ ವೈದ್ಯಲೋಕ ನಂಬಿದ್ದು. 1992ರಲ್ಲಿ ಕೆಲವರು ಕುಳಿತು ಹಳೆಯ ಪ್ರಯೋಗಗಳನ್ನು ಒಂದೊಂದಾಗಿ ಕೂಡುತ್ತ ಹೋದಾಗ, ಮೊದಲ ಎಂಟು ಪ್ರಯೋಗಗಳ 2,432 ರೋಗಿಗಳಲ್ಲೇ, ಅಂದರೆ 1973ರ ಹೊತ್ತಿಗೇ, ಔಷಧಿ ಜೀವ ಉಳಿಸುತ್ತದೆಂಬುದು ಗೋಚರಿಸಿತು. ಆ ಹದಿಮೂರು ವರ್ಷ ಯಾರೂ ಆಕಸ್ಮಿಕಕ್ಕಾಗಿ ಕಾಯಬೇಕಿರಲಿಲ್ಲ. ಔಷಧಿಯಿತ್ತು, ರೋಗಿಗಳಿದ್ದರು, ಅಂಕಿಗಳೂ ಅಚ್ಚಾಗಿದ್ದವು. ಕೂಡಿ ನೋಡುವ ಗುಮಾಸ್ತಗಿರಿಗೆ ಮಾತ್ರ ಯಾರೂ ಇಳಿದಿರಲಿಲ್ಲ.