ಗಡಿ ಅರಿಯದ ಕಳೆ, ಗಡಿ ದಾಟದ ಆಡಳಿತ

ತನ್ನ ಮೂಲನೆಲೆಯಿಂದ ಮನುಷ್ಯನ ಮೂಲಕ ಬೇರೆಡೆಗೆ ಬಂದು, ಅಲ್ಲಿನ ಸ್ಥಳೀಯ ಜೀವಿಗಳನ್ನು ಹಿಮ್ಮೆಟ್ಟಿಸುತ್ತ ಹಬ್ಬುವ ಸಸ್ಯ ಅಥವಾ ಪ್ರಾಣಿಯನ್ನು ಆಕ್ರಮಣಕಾರಿ ಪ್ರಭೇದ ಎನ್ನುತ್ತಾರೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಬಂಡೀಪುರ, ಮುದುಮಲೆ, ವಯನಾಡುಗಳ ಕಾಡಿನ ನೆಲವನ್ನು ಆವರಿಸಿ, ಜಿಂಕೆ, ಕಾಟಿ, ಆನೆಗಳ ಮೇವಾಗಬೇಕಾದ ಹುಲ್ಲು ಚಿಗುರದಂತೆ ಮಾಡಿದೆ. ಈ ಕಾಡುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಕರ್ನಾಟಕ, ತಮಿಳುನಾಡು, ಕೇರಳಗಳ ಬೇರೆ ಬೇರೆ ಅರಣ್ಯ ಇಲಾಖೆಗಳ ಅಧೀನದಲ್ಲಿವೆ. ಲಂಟಾನದ ಹಣ್ಣು ತಿಂದ ಹಕ್ಕಿಗಳು ಮಾತ್ರ ಬೀಜವನ್ನು ಯಾವ ಗಡಿಯನ್ನೂ ಲೆಕ್ಕಿಸದೆ ಬಿತ್ತುತ್ತವೆ. ಗಿಡವನ್ನು ಮೇಲಷ್ಟೇ ಸವರಿದರೆ ಅದು ಮತ್ತಷ್ಟು ದಟ್ಟವಾಗಿ ಚಿಗುರುವುದರಿಂದ, ಮಣ್ಣಿನ ಮಟ್ಟಕ್ಕಿಂತ ಕೆಲವು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಕಾಂಡ ಮತ್ತೆ ಬೇರೂರದಂತೆ ಪೊದೆಯನ್ನು ತಲೆಕೆಳಗಾಗಿ ಇಟ್ಟು, ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲನ್ನು ಬೆಳೆಸಿ, ಮೊಳೆಯುವ ಸಸಿಗಳನ್ನು ವರ್ಷಗಟ್ಟಲೆ ಕಿತ್ತುಹಾಕುತ್ತಿರಬೇಕು. ಒಂದು ರಾಜ್ಯ ಇಷ್ಟೆಲ್ಲ ಶ್ರಮಿಸಿ ನೆರೆಯ ರಾಜ್ಯ ಸುಮ್ಮನಿದ್ದರೆ ಫಲ ಸಿಗದು. ಕೇಂದ್ರದಲ್ಲಿಯೂ ಹೊಣೆ ಹಂಚಿಹೋಗಿದೆ: ಆಮದಾಗುವ ಸಸ್ಯ ಮತ್ತು ಬೀಜಗಳನ್ನು ಬಂದರಿನಲ್ಲೇ ತಪಾಸಣೆ ಮಾಡುವ ಸಸ್ಯ ಸಂಪರ್ಕತಡೆ ವ್ಯವಸ್ಥೆ 2003ರ ಆದೇಶದಂತೆ ಕೃಷಿ ಸಚಿವಾಲಯದ ಅಡಿಯಲ್ಲಿದ್ದರೆ, ಕಾಡಿನ ರಕ್ಷಣೆ ಪರಿಸರ ಸಚಿವಾಲಯಕ್ಕೆ ಸೇರಿದೆ. ಹೊಸ ಆಕ್ರಮಣಕಾರಿ ಪ್ರಭೇದಗಳು ಬಂದು ನೆಲೆಯೂರುವ ಪ್ರಮಾಣವನ್ನು 2030ರೊಳಗೆ ಕನಿಷ್ಠ ಅರ್ಧಕ್ಕಿಳಿಸುವ ಗುರಿಯನ್ನು 2022ರ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದ ಜಗತ್ತಿನ ಮುಂದಿಟ್ಟಿದೆ. ಆ ಗುರಿ ಕಾಗದದಲ್ಲೇ ಉಳಿಯಬಾರದೆಂದರೆ, ಮೂರೂ ರಾಜ್ಯಗಳು ಒಂದೇ ನಕ್ಷೆ, ಒಂದೇ ವೇಳಾಪಟ್ಟಿ ಮತ್ತು ನಿರಂತರ ಅನುದಾನದೊಂದಿಗೆ, ಕಾಡನ್ನು ಬಲ್ಲ ಸೋಲಿಗ, ಜೇನುಕುರುಬ ಸಮುದಾಯಗಳನ್ನು ಜೊತೆಗೂಡಿಸಿಕೊಂಡು ಕೆಲಸಕ್ಕೆ ಇಳಿಯಲೇಬೇಕು.