ಆರು ಗಂಟೆ ಕಾಯೋದು, ಅರ್ಧ ನಿಮಿಷದ ಷೋ!

ಟಿಕೆಟ್ ಇಲ್ಲ. ಬಾಲ್ಕನಿ ಇಲ್ಲ, ಗಾಂಧಿ ಕ್ಲಾಸೂ ಇಲ್ಲ. ಬ್ಲ್ಯಾಕಿನಲ್ಲಿ ಮಾರೋಣ ಅಂದರೆ ಮಾರುವುದಕ್ಕೇ ಏನೂ ಇಲ್ಲ! ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿ ರಸ್ತೆ ಪಕ್ಕ ಜಾಗ ಹಿಡಿದು ಕೂರಬೇಕು. ಮಧ್ಯಾಹ್ನ ಎರಡು ದಾಟಿದ ಮೇಲೆ ‘ಹೀರೋ’ ಬರುತ್ತಾನೆ. ಸುಯ್ ಅಂತ ಒಂದು ಸದ್ದು, ಮುಖಕ್ಕೆ ಬಡಿಯುವ ಒಂದು ಗಾಳಿ... ಮುಗೀತು. ಅರ್ಧ ನಿಮಿಷ ಇದ್ದರೆ ಹೆಚ್ಚು. “ಹಳದಿ ಬನೀನಿನವನು ಯಾರ್ರೀ, ಎಲ್ಲಿ?” ಅಂತ ಪಕ್ಕದವನನ್ನು ಕೇಳುವಷ್ಟರಲ್ಲಿ ಹಳದಿ ಬನೀನು ತಿರುವಿನಲ್ಲಿ ಮಾಯ.

ಇಂಥ ಷೋ ನೋಡೋದಕ್ಕೆ ಪ್ರತಿ ವರ್ಷ ಒಂದು ಕೋಟಿ ಜನ ರಸ್ತೆಗೆ ಬರುತ್ತಾರೆ ಅನ್ನೋದು ಸಂಘಟಕರ ಲೆಕ್ಕ. ಸಂಘಟಕರ ಲೆಕ್ಕ ಅಂದಮೇಲೆ ನಮ್ಮ ನಿರ್ಮಾಪಕರ ‘ನೂರನೇ ದಿನ’ದ ಪೋಸ್ಟರಿನ ಥರ ಸ್ವಲ್ಪ ಕಳೆದೇ ಓದಿಕೊಳ್ಳಿ. ಅರ್ಧ ಅಂತ ಇಟ್ಟುಕೊಂಡರೂ ಯಾವ ಸೂಪರ್ ಸ್ಟಾರಿನ ಕಟೌಟ್ ಮುಂದೆ ಅಷ್ಟು ಜನ ಸೇರಿದ್ದಾರೆ ಹೇಳಿ ನೋಡೋಣ! ಇದರ ಹೆಸರು ಟೂರ್ ಡಿ ಫ್ರಾನ್ಸ್. ಮೂರು ವಾರ, 21 ಹಂತ, ಹತ್ತಿರ ಹತ್ತಿರ 3,400 ಕಿಲೋಮೀಟರ್ ಸೈಕಲ್ ತುಳಿತ.

ಸಿನಿಮಾ ಪತ್ರಿಕೆಯಲ್ಲಿ ಸೈಕಲ್ಲಿಗೇನು ಕೆಲಸ ಅಂತ ಮೂಗು ಮುರಿಯಬೇಡಿ. ಲೂಯಿ ಮಾಲ್ ಅಂತ ಫ್ರೆಂಚ್ ಡೈರೆಕ್ಟರ್ ಇದ್ದನಲ್ಲ, ನಮ್ಮ ದೇಶದ ಮೇಲೆ ಡಾಕ್ಯುಮೆಂಟರಿ ತೆಗೆದು ದೆಹಲಿ ಸರ್ಕಾರದ ಕೆಂಗಣ್ಣಿಗೆ ಬಿದ್ದವನು, ಅವನೇ, 1962ರ ಟೂರ್‌ಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದ. ‘ವೀವ್ ಲ ಟೂರ್’ ಅಂತ ಆ ಚಿತ್ರ. ಹದಿನೆಂಟೇ ನಿಮಿಷ. ಯಾರು ಗೆದ್ದರು, ಎಷ್ಟು ಸೆಕೆಂಡಿನಲ್ಲಿ ಗೆದ್ದರು, ಆ ಗೋಜಿಗೇ ಹೋಗಿಲ್ಲ ಆಸಾಮಿ! ಬಾಯಾರಿದ ಸವಾರರು ಸೈಕಲ್ ಬಿಸಾಕಿ ರಸ್ತೆ ಬದಿಯ ಹೋಟೆಲಿಗೆ ನುಗ್ಗಿ ಸಿಕ್ಕ ಸಿಕ್ಕ ಬಾಟ್ಲಿ ಬಾಚಿಕೊಂಡು ಓಡುತ್ತಾರೆ. ಬಿಸಿಲಲ್ಲಿ ಬೆಂದವನ ತಲೆ ಮೇಲೆ ಜನ ನೀರು ಸುರಿಯುತ್ತಾರೆ. ಏರಿನಲ್ಲಿ ಸೋತವನ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತಾರೆ. ನೋಡುವವನೂ ಆಡುವವನೂ ಒಂದೇ ಫ್ರೇಮಿನಲ್ಲಿ! ಮಾಲ್ ಹಿಡಿದಿದ್ದು ಅದನ್ನೇ. ಬೇರೆ ಯಾವ ಆಟದಲ್ಲಿ ಸ್ವಾಮಿ, ಅಭಿಮಾನಿಯ ಕೈ ಹೀರೋನ ಬೆನ್ನಿಗೆ ಎಟುಕುತ್ತೆ? ಕ್ರಿಕೆಟ್ಟಿನಲ್ಲಿ ಬೇಲಿ, ಫುಟ್‌ಬಾಲಿನಲ್ಲಿ ಪೊಲೀಸು, ಷೂಟಿಂಗ್ ನೋಡಲು ಹೋದರೆ ಹಗ್ಗ, ಹಗ್ಗದ ಈಚೆ ಪ್ರೊಡಕ್ಷನ್ ಮ್ಯಾನೇಜರನ ಬೈಗುಳ.

ಹುಟ್ಟಿನಿಂದಲೇ ಇದು ಪತ್ರಿಕೆಯವರ ಆಟ. 1903ರಲ್ಲಿ ‘ಲೋಟೋ’ ಅನ್ನುವ ಕ್ರೀಡಾಪತ್ರಿಕೆ ಪ್ರತಿಸ್ಪರ್ಧಿಯ ಮುಂದೆ ಒದ್ದಾಡುತ್ತಿತ್ತು. ಸಂಪಾದಕ ಆಂರಿ ದೆಗ್ರಾಂಜ್, ಪೇಪರ್ ಮಾರಾಟ ಆಗಬೇಕಲ್ಲ ಅಂತ ದೇಶ ಸುತ್ತುವ ರೇಸ್ ಇಟ್ಟ. ಮಾರಾಟ ಎರಡು ಪಟ್ಟು ದಾಟಿತು! ಆ ಪತ್ರಿಕೆ ಅಚ್ಚಾಗುತ್ತಿದ್ದದ್ದು ಹಳದಿ ಕಾಗದದ ಮೇಲೆ. ಮುಂದಿರುವವನಿಗೆ 1919ರಿಂದ ಹಳದಿ ಬನೀನು ಬಂದದ್ದು ಅದರಿಂದಲೇ ಅನ್ನುತ್ತಾರೆ. ನಮ್ಮಂಥ ಬಸ್ ಸ್ಟ್ಯಾಂಡ್ ಪತ್ರಿಕೆಯವರಿಗೆ ಇಂಥದ್ದು ಯಾಕೆ ಹೊಳೆಯಲಿಲ್ಲವೋ, ನಮ್ಮ ಸಂಪಾದಕರನ್ನು ಕೇಳಬೇಕು.

ಎರಡನೇ ವರ್ಷವೇ ಅಭಿಮಾನಿಗಳ ಗಲಾಟೆ. 1904ರಲ್ಲಿ ಸೇಂಟ್ ಎಟಿಯೆನ್ ಊರಿನ ಹತ್ತಿರ, ರಾತ್ರಿ ಹೊತ್ತು, ಫೋರ್ ಅನ್ನುವ ಸ್ಥಳೀಯ ಸವಾರನನ್ನು ಮುಂದೆ ಬಿಟ್ಟು ಹಿಂದಿನವರಿಗೆಲ್ಲ ಜನ ದೊಣ್ಣೆಯಲ್ಲಿ ಬಾರಿಸಿದರು. ಅಧಿಕಾರಿಗಳು ಗಾಳಿಯಲ್ಲಿ ಪಿಸ್ತೂಲು ಹಾರಿಸಿ ಬಿಡಿಸಬೇಕಾಯಿತು. ‘ನಮ್ಮೂರ ಹುಡುಗ’ ಅನ್ನೋ ಹುಚ್ಚು ಗಾಂಧಿನಗರದಲ್ಲೇ ಹುಟ್ಟಿದ್ದು ಅಂದುಕೊಂಡಿದ್ದಿರಾ?

ಸರಿ, ರಸ್ತೆ ಪಕ್ಕ ಕೂತಿದ್ದೀರಿ. ಏನೇನಾಗುತ್ತೆ?

ರೇಸಿಗೆ ಎರಡು ಗಂಟೆ ಮುಂಚೆ ಜಾಹೀರಾತಿನ ಮೆರವಣಿಗೆ ಬರುತ್ತೆ. 1930ರಲ್ಲಿ ಶುರುವಾದ ಪದ್ಧತಿ ಇದು. ಆಗ ಸೈಕಲ್ ಕಂಪನಿಗಳ ತಂಡ ಬೇಡ, ದೇಶಗಳ ತಂಡ ಇರಲಿ ಅಂತ ದೆಗ್ರಾಂಜ್ ಹಟ ಹಿಡಿದ. ಕಂಪನಿ ದುಡ್ಡು ನಿಂತ ಮೇಲೆ ಖರ್ಚು ಹುಟ್ಟಿಸಬೇಕಲ್ಲ, ಚಾಕೊಲೇಟಿನವರು ಮತ್ತಿತರರ ಗಾಡಿಗಳನ್ನು ಮುಂದೆ ಬಿಟ್ಟ. ಈಗ ನೂರೈವತ್ತರ ಆಸುಪಾಸು ಗಾಡಿ, ಹತ್ತು ಕಿಲೋಮೀಟರ್ ಉದ್ದ! ದೈತ್ಯ ಕೋಳಿ, ದೈತ್ಯ ಬಾಟ್ಲಿ, ಕಿವಿ ಕಿತ್ತುಹೋಗುವ ಹಾಡು. ಮೇಲಿಂದ ಟೋಪಿ, ಕೀಚೈನು, ಬಿಸ್ಕತ್ತು ಎಸೀತಾರೆ. ಆಗ ನೋಡಬೇಕು ತಮಾಷೆ. ಟೈ ಕಟ್ಟಿದ ಬ್ಯಾಂಕ್ ಮ್ಯಾನೇಜರು ಆರು ವರ್ಷದ ಮಗುವಿನ ಜೊತೆ ಒಂದು ಪ್ಲಾಸ್ಟಿಕ್ ಕೀಚೈನಿಗೆ ಜಗ್ಗಾಡುತ್ತಾನೆ.

ಆಮೇಲೆ ಮತ್ತೆ ಕಾಯೋದು. ರಸ್ತೆ ಬಂದ್. ಹಿಂದೆ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚುತ್ತಿದ್ದರು, ಈಗ ಮೊಬೈಲು. ದೂರದಲ್ಲಿ ಹೆಲಿಕಾಪ್ಟರ್ ಸದ್ದು ಕೇಳಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಪೊಲೀಸ್ ಮೋಟಾರ್ ಬೈಕುಗಳು, ಕೆಂಪು ಕಾರು, ಆಮೇಲೆ... ಸುಯ್!

ಅರ್ಧ ನಿಮಿಷದಲ್ಲೇ ಯಾಕೆ ಮುಗಿಯುತ್ತೆ ಅಂತೀರಾ? ಗಾಳಿ ಕಣ್ರೀ. ಬಯಲಿನಲ್ಲಿ ಗಂಟೆಗೆ 45, 50 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮುಖ್ಯ ಶತ್ರು ಎದುರು ಗಾಳಿ. ಮುಂದಿನವನ ಚಕ್ರಕ್ಕೆ ಅಂಟಿಕೊಂಡರೆ ಗಾಳಿಯ ಏಟು ತಪ್ಪುತ್ತೆ, ಶ್ರಮ ಎಷ್ಟೋ ಕಡಿಮೆ. ಹೀಗೆ ನೂರೆಪ್ಪತ್ತು ಚಿಲ್ಲರೆ ಜನ ಜೇನುಹುಳದ ಥರ ಒಟ್ಟಿಗೇ ಹಾರಿಹೋಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ಇದನ್ನು ನಾನು ಹೇಳಬೇಕಿಲ್ಲ. ಸೈಕಲ್ಲಿನಲ್ಲಿ ದೇಶಮಟ್ಟದ ಪದಕ ತಂದ ಸೀಮೆ ಅದು. ಆದರೆ ಬೆಟ್ಟ ಬಂತು ಅನ್ನಿ, ವೇಗ 20ಕ್ಕೆ ಇಳಿಯುತ್ತೆ. ಗಾಳಿಯ ಆಸರೆ ಹೋಯ್ತು, ಗುಂಪು ಒಡೀತು. ಒಬ್ಬೊಬ್ಬನೇ ಏದುಸಿರು ಬಿಡುತ್ತಾ, ಬಾಯಿ ತೆರೆದುಕೊಂಡು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿಸುತ್ತಾ ನಿಮ್ಮ ಮುಂದೆಯೇ ಹೋಗುತ್ತಾನೆ. ಲಾಂಗ್ ಷಾಟಿನಲ್ಲಿದ್ದವನು ಕ್ಲೋಸಪ್ಪಿಗೆ ಬಂದ!

ಅದಕ್ಕೇ ಬಲ್ಲವರು ಬೆಟ್ಟಕ್ಕೆ ಹೋಗುತ್ತಾರೆ. ಅದರಲ್ಲೂ ಆಲ್ಪ್ ದುಯೇಜ್‌ಗೆ. ಆಲ್ಪ್ಸ್ ಪರ್ವತದಲ್ಲಿ 13.8 ಕಿಲೋಮೀಟರ್ ಏರು, 21 ಹೇರ್‌ಪಿನ್ ತಿರುವು. 1952ರಲ್ಲಿ ಮೊದಲ ಸಲ ಹತ್ತಿಸಿದಾಗ ಗೆದ್ದವನು ಇಟಲಿಯ ಫೌಸ್ಟೋ ಕೋಪಿ. ಕೆಳಗಿನಿಂದ ಏಳನೇ ನಂಬರಿನ ತಿರುವಿಗೆ ಹೋದರೆ ಕಣ್ಣು ಕುಕ್ಕುತ್ತೆ, ಎಲ್ಲಾ ಕಿತ್ತಳೆ ಬಣ್ಣ! ಡಚ್ಚರ ಮೂಲೆ ಅದು. (ಕೆಳಗಿನಿಂದ ಎಣಿಸಿ ಏಳನೇದಲ್ಲ ಮತ್ತೆ! ಅಲ್ಲಿ ಲೆಕ್ಕ ಕೆಳಗೆ 21ರಿಂದ ಶುರುವಾಗಿ ಮೇಲೆ 1ಕ್ಕೆ ಮುಗಿಯುತ್ತೆ.) 1976ರಿಂದ 1989ರ ನಡುವೆ ಇಲ್ಲಿ ಎಂಟು ಸಲ ಗೆದ್ದವರು ಡಚ್ಚರು. ಬೆಟ್ಟವೇ ಇಲ್ಲದ ನಾಡಿನವರು! ಅಲ್ಲಿಂದ ಶುರುವಾದ ಜಾತ್ರೆ ಇನ್ನೂ ನಿಂತಿಲ್ಲ. ದಿನಗಟ್ಟಲೆ ಮುಂಚೆ ವ್ಯಾನು ತಂದು ನಿಲ್ಲಿಸಿ, ಬೀರು, ಬ್ಯಾಂಡು, ರಸ್ತೆ ತುಂಬ ಬಣ್ಣದಲ್ಲಿ ಹೆಸರು ಬರೆಯೋದು. ಡೀಡಿ ಸೆಂಫ್ಟ್ ಅಂತ ಒಬ್ಬ ಜರ್ಮನ್, 1993ರಿಂದ ಕೆಂಪು ಸೈತಾನನ ವೇಷ ಹಾಕಿ ತ್ರಿಶೂಲ ಹಿಡಿದು ಸವಾರರ ಪಕ್ಕ ಕುಣಿದು ಲೋಕಪ್ರಸಿದ್ಧನಾದ. ಸವಾರರ ಹೆಸರು ಗೊತ್ತಿಲ್ಲದವರಿಗೂ ಅವನ ಮುಖ ಗೊತ್ತು. ಎಕ್ಸ್‌ಟ್ರಾ ಆರ್ಟಿಸ್ಟು ಹೀರೋನನ್ನೇ ನುಂಗಿದ್ದು ಅಂದರೆ ಇದು!

ಈಗ ಬರೋಣ ಆ ‘ಎಟುಕುವ ಕೈ’ ವಿಷಯಕ್ಕೆ. ಅದೇ ಈ ಆಟದ ಜೀವ, ಅದೇ ಜೀವಕ್ಕೆ ಕುತ್ತು.

1975. ಪುಯ್ ದ ದೋಮ್ ಬೆಟ್ಟ. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಹಳದಿ ಬನೀನಿನಲ್ಲಿ ಏರುತ್ತಿದ್ದ. ಐದು ಸಲ ಗೆದ್ದಾಗಿತ್ತು. ಆರನೆಯದನ್ನು ಗೆದ್ದರೆ ಹಿಂದೆ ಯಾರೂ ಮಾಡದ ದಾಖಲೆ. ತುದಿ ಇನ್ನೇನು ಬಂತು ಅನ್ನುವಾಗ ಗುಂಪಿನಿಂದ ಒಬ್ಬ ಪಕ್ಕೆಗೆ ಗುದ್ದಿದ! ಮರ್ಕ್ಸ್ ಮುಂದೆ ಇನ್ನೊಂದು ದಿನ ಬಿದ್ದು ದವಡೆಯನ್ನೂ ಒಡೆದುಕೊಂಡ, ಕೊನೆಗೆ ಗೆದ್ದವನು ಫ್ರಾನ್ಸಿನ ತೆವನೇ. ಗುದ್ದೇ ಸೋಲಿಸಿತು ಅಂತ ನಾನು ಹೇಳಲ್ಲ, ತೆವನೇ ಬೆಟ್ಟದಲ್ಲಿ ಗಂಡಸಿನ ಹಾಗೆ ತುಳಿದ. ಆದರೆ ಟೂರ್‌ನಲ್ಲಿ ಮರ್ಕ್ಸ್ ಮತ್ತೆಂದೂ ಹಳದಿ ತೊಡಲಿಲ್ಲ. ಕೋರ್ಟು ಅವನಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಫ್ರಾಂಕು.

ಗುದ್ದಿದವನದು ದ್ವೇಷ ಅನ್ನಿ. ಪ್ರೀತಿ ಮಾಡಿದ ಅನಾಹುತ ಅದಕ್ಕಿಂತ ಹೆಚ್ಚು. 1999ರಲ್ಲಿ ಇದೇ ಆಲ್ಪ್ ದುಯೇಜ್‌ನಲ್ಲಿ ಇಟಲಿಯ ಗುವೆರಿನಿ ಒಬ್ಬನೇ ಮುಂದಿದ್ದ. ಕೊನೆಯ ಕಿಲೋಮೀಟರ್. ಫೋಟೋ ತೆಗೆಯಲು ಅಭಿಮಾನಿಯೊಬ್ಬ ರಸ್ತೆ ನಡುವೆಯೇ ನಿಂತ. ಲೆನ್ಸಿನಲ್ಲಿ ದೂರ ಕಂಡವನು ಎದುರಿಗೇ ಬಂದಿದ್ದ... ಢಮಾರ್! ಗುವೆರಿನಿ ಎದ್ದು, ಸೈಕಲ್ ಏರಿ, ಗೆದ್ದೂ ಗೆದ್ದ. 2018ರಲ್ಲಿ ಅದೇ ಬೆಟ್ಟದಲ್ಲಿ ನಿಬಾಲಿಗೆ ಆ ಅದೃಷ್ಟ ಇರಲಿಲ್ಲ. ಜನ ಮುತ್ತಿಕೊಂಡ ಜಾಗದಲ್ಲಿ ಬಿದ್ದ. ಪ್ರೇಕ್ಷಕನ ಕ್ಯಾಮೆರಾ ಪಟ್ಟಿ ಸಿಕ್ಕಿಕೊಂಡಿತು ಅಂತ ವರದಿಗಳು. ಎದ್ದು ಗುರಿಯನ್ನೇನೋ ಮುಟ್ಟಿದ, ಆದರೆ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಮನೆಗೆ ಹೋದ. 2016ರಲ್ಲಿ ಮೋಂ ವಾಂತೂ ಬೆಟ್ಟದಲ್ಲಿ ಗಾಳಿ ಜೋರು ಅಂತ ಗುರಿಯನ್ನು ಆರು ಕಿಲೋಮೀಟರ್ ಕೆಳಕ್ಕೆ ತಂದರು. ಜನವೆಲ್ಲ ಅಷ್ಟೇ ಜಾಗದಲ್ಲಿ ತುಂಬಿತು. ದಾರಿ ಸಿಗದೆ ಟಿವಿ ಮೋಟಾರ್ ಬೈಕು ನಿಂತಿತು, ಹಿಂದಿದ್ದ ಸವಾರರು ಅದಕ್ಕೆ ಗುದ್ದಿದರು. ಹಳದಿ ಬನೀನಿನ ಕ್ರಿಸ್ ಫ್ರೂಮ್ ಸೈಕಲ್ ಮುರಿದು ಬೆಟ್ಟದ ಮೇಲೆ ಬರಿಗಾಲಿನ ಭಕ್ತನ ಥರ ಓಡಿದ! ಬರಿಗಾಲಲ್ಲ, ಸೈಕಲ್ ಷೂನಲ್ಲಿ. ಓಡಿದ್ದು ಮಾತ್ರ ಸತ್ಯ. ಯಾವ ಕಥೆಗಾರನಾದರೂ ಈ ಸೀನು ಬರೆದು ತಂದಿದ್ದರೆ ನಿರ್ಮಾಪಕರು ನಕ್ಕು ಕಳಿಸುತ್ತಿದ್ದರು.

ಇವೆಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು 2021ರ ಜೂನ್ 26. ಮೊದಲ ದಿನ, ಬ್ರೆಸ್ಟಿನಿಂದ ಲಾಂಡರ್ನೋಗೆ. ಒಬ್ಬಾಕೆ ಅಜ್ಜ ಅಜ್ಜಿಗೆ ಸಲಾಂ ಅಂತ ರಟ್ಟಿನ ಬೋರ್ಡು ಹಿಡಿದು ರಸ್ತೆಗೆ ಚಾಚಿ ನಿಂತಳು. ಮುಖ ಟಿವಿ ಕ್ಯಾಮೆರಾ ಕಡೆ. ಬೆನ್ನು? ಬರುತ್ತಿದ್ದ ಸವಾರರ ಕಡೆ! ಟೋನಿ ಮಾರ್ಟಿನ್ ಬೋರ್ಡಿಗೆ ಹೊಡೆದು ಬಿದ್ದ, ಅವನ ಹಿಂದೆ ಹತ್ತಾರು ಜನ ಒಬ್ಬರ ಮೇಲೊಬ್ಬರು. ಸುಟರ್ಲಿನ್ ಅನ್ನುವ ಸವಾರನ ಟೂರ್ ಅಲ್ಲಿಗೇ ಖಲಾಸ್. ವರ್ಷವೆಲ್ಲ ಬೆವರು ಸುರಿಸಿ ಬಂದವನು ಮೊದಲ ದಿನವೇ ಊರಿಗೆ. ಆಕೆ ಗಲಾಟೆಯಲ್ಲಿ ಜಾಗ ಖಾಲಿ ಮಾಡಿ, ನಾಲ್ಕಾರು ದಿನ ಬಿಟ್ಟು ಪೊಲೀಸರ ಮುಂದೆ ಬಂದಳು. ಡಿಸೆಂಬರಿನಲ್ಲಿ ಕೋರ್ಟು 1,200 ಯೂರೋ ದಂಡ ಹಾಕಿತು. ಸಂಘಟಕರು ಮೊದಲು ಕೇಸು ಹಾಕ್ತೀವಿ ಅಂತ ಕೂಗಾಡಿ, ಆಮೇಲೆ ಕೈಬಿಟ್ಟರು. ಒಳ್ಳೆಯದೇ ಮಾಡಿದರು. ಊರೆಲ್ಲ ಅವಳಿಗೆ ಉಗಿದಿತ್ತು, ಅಷ್ಟು ಸಾಕು.

ಆದರೆ ಆ ಬೆನ್ನು! ಗಂಟೆಗಟ್ಟಲೆ ಕಾದು, ಹೀರೋ ಬರುವ ಹೊತ್ತಿಗೆ ಹೀರೋಗೇ ಬೆನ್ನು ಹಾಕಿ ನಿಲ್ಲೋದು ಯಾವ ಅಭಿಮಾನ? ಈಗ ಎಲ್ಲಾ ಬೆಟ್ಟದಲ್ಲೂ ಇದೇ ಚಾಳಿ. ಮೊಬೈಲು ಎತ್ತಿ, ತಿರುಗಿ ನಿಂತು, ತನ್ನ ಮೂತಿಯ ಹಿಂದೆ ಸವಾರ ಬರೋ ಹಾಗೆ ಫೋಟೋ. ನಮ್ಮಲ್ಲೂ ನೋಡ್ತೀರಲ್ಲ, ಫಸ್ಟ್ ಷೋನಲ್ಲಿ ಹೀರೋ ಎಂಟ್ರಿ ಕೊಟ್ಟರೆ ಪರದೆಗೆ ಬೆನ್ನು ತಿರುಗಿಸಿ ತನ್ನನ್ನೇ ವಿಡಿಯೋ ಮಾಡಿಕೊಳ್ಳೋ ಪುಣ್ಯಾತ್ಮರನ್ನ. ವ್ಯತ್ಯಾಸ ಇಷ್ಟೇ, ಪರದೆ ಮೇಲಿನ ಹೀರೋ ಬಿದ್ದು ಮೂಳೆ ಮುರಿದುಕೊಳ್ಳಲ್ಲ.

ಹಾಗಾದರೆ ಬೇಲಿ ಹಾಕಿಬಿಡಿ ಅನ್ನುವವರಿದ್ದಾರೆ. ಕೊನೆಯ ಕಿಲೋಮೀಟರುಗಳಿಗೆ ಹಾಕುತ್ತಾರೆ ಕೂಡ. 3,400 ಕಿಲೋಮೀಟರಿಗೂ ಹಾಕೋಕಾಗುತ್ತಾ? ಆಗುತ್ತೆ ಅಂದರೂ ನಾನು ಬೇಡ ಅನ್ನುವ ಪಾರ್ಟಿ. ಯಾಕೆ ಅಂತ ಒಂದು ಬಾಟ್ಲಿ ಕಥೆ ಕೇಳಿ.

1997ರಲ್ಲಿ ಸ್ವಿಟ್ಜರ್‌ಲೆಂಡಿನ ಹುಡುಗನೊಬ್ಬನನ್ನು ಅಪ್ಪ ಅಮ್ಮ ಟೂರ್ ನೋಡಲು ಕರೆದುಕೊಂಡು ಹೋಗಿದ್ದರು. ಗಂಟೆಗಟ್ಟಲೆ ಕಾದ. ಸವಾರನೊಬ್ಬ ಎಸೆದ ನೀರಿನ ಬಾಟ್ಲಿ ಸಿಕ್ಕಿತು, ಪೋಲ್ಟಿ ತಂಡದ ಹಳದಿ ಪ್ಲಾಸ್ಟಿಕ್ ಬಾಟ್ಲಿ. ಮನೆಯಲ್ಲಿ ಅದನ್ನು ದಿನಾ ನೋಡ್ತಾ ನೋಡ್ತಾ ತಾನೂ ಸವಾರನಾಗಬೇಕು ಅಂತ ನಿಶ್ಚಯಿಸಿದ. ಆದ ಕೂಡ! ಹೆಸರು ಮಿಖಾಯೆಲ್ ಷೇರ್. 2021ರ ಏಪ್ರಿಲ್‌ನಲ್ಲಿ, ಕಸ ಆಗುತ್ತೆ, ಗೊತ್ತುಮಾಡಿದ ಜಾಗ ಬಿಟ್ಟು ಬಾಟ್ಲಿ ಎಸೆಯಬಾರದು ಅಂತ ಹೊಸ ಕಾನೂನು ಬಂತು. ಟೂರ್ ಆಫ್ ಫ್ಲಾಂಡರ್ಸ್ ರೇಸಿನಲ್ಲಿ ರಸ್ತೆ ಬದಿಯ ಅಭಿಮಾನಿಗಳ ಕಡೆ ಬಾಟ್ಲಿ ಎಸೆದ ಅಂತ ಒಬ್ಬ ಸವಾರನನ್ನು ರೇಸಿನಿಂದಲೇ ಹೊರಗೆ ಹಾಕಿದರು. ಯಾರು ಹೇಳಿ? ಇದೇ ಷೇರ್! ಆಗ ಅವನು ಆ ಹಳದಿ ಬಾಟ್ಲಿಯ ಕಥೆ ಬರೆದ. ಓದಿದವರ ಕಣ್ಣು ಒದ್ದೆ. ಆ ತಿಂಗಳೇ ಶಿಕ್ಷೆಯನ್ನು ಸಡಿಲ ಮಾಡಿದರು.

ಬೇಲಿಯ ಆಚೆಯಿಂದ ಆ ಬಾಟ್ಲಿ ಆ ಹುಡುಗನ ಕೈಗೆ ಬರುತ್ತಿತ್ತೇ?

ನೀವೆಂದಾದರೂ ಹೋದರೆ ಒಂದು ಮಾತು. ಮುಂದಿನವನು ಹೋದ ಕೂಡಲೇ ಚಾಪೆ ಮಡಿಸಬೇಡಿ. ಬೆಟ್ಟದಲ್ಲಿ ಮೊದಲನೆಯವನು ಹೋಗಿ ಅರ್ಧ ಗಂಟೆ ಆದರೂ ಹಿಂದಿನವರು ಬರುತ್ತಲೇ ಇರುತ್ತಾರೆ. ಎಲ್ಲರಿಗಿಂತ ಕೊನೆಯವನನ್ನು ಅಲ್ಲಿ ‘ಕೆಂಪು ಲಾಂದ್ರ’ ಅನ್ನುತ್ತಾರೆ, ರೈಲಿನ ಕೊನೆ ಡಬ್ಬಿಗೆ ನೇತುಹಾಕುವ ದೀಪ. ಹೊತ್ತು ಮೀರಿದರೆ ನಾಳೆ ಅವನಿಗೆ ರೇಸಿಲ್ಲ, ಅದಕ್ಕೇ ಹಲ್ಲು ಕಚ್ಚಿ ತುಳಿಯುತ್ತಿರುತ್ತಾನೆ. ಬೆಳಗಿನಿಂದ ಕುಡಿದು ಹಾಡಿ ಗಂಟಲು ಕಟ್ಟಿದ ಆ ಕಿತ್ತಳೆ ಹುಡುಗರು ಅವನಿಗೂ ಎದ್ದು ನಿಂತು ಚಪ್ಪಾಳೆ ಹೊಡೀತಾರೆ, ರಸ್ತೆಯಿಂದ ಎರಡು ಹೆಜ್ಜೆ ಹಿಂದೆ ಸರಿದು. ಅವನ ಹಿಂದೆಯೇ, ಕೈಲಾಗದೆ ಸೈಕಲ್ ಇಳಿದವರನ್ನು ತುಂಬಿಕೊಳ್ಳುವ ‘ಪೊರಕೆ ಗಾಡಿ’ ನಿಧಾನಕ್ಕೆ ಏರಿಕೊಂಡು ಬರುತ್ತೆ. ಅದು ದಾಟಿದ ಮೇಲೆ ಪೊಲೀಸರು ರಸ್ತೆ ಬಿಡುತ್ತಾರೆ.